ಬಾಡಿಗೆ ಗೋಡೆ, ಸ್ವಂತ ಪಟ

ನಮ್ಮ ಕಡೆ ಗೋಡೆಗೆ ಚಿತ್ರ ತೂಗುಹಾಕುವ ಪದ್ಧತಿ ತೀರಾ ಹಳೆಯದೇನಲ್ಲ. ಮೊದಲು ಗೋಡೆಯೇ ಚಿತ್ರವಾಗಿತ್ತು. ಸಾಗರ, ಸೊರಬದ ಕಡೆ ದೀವರ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರವನ್ನು ನೋಡಿದವರಿಗೆ ಇದು ಗೊತ್ತು. ಕೆಮ್ಮಣ್ಣು ಸಾರಿಸಿದ ಗೋಡೆ, ಅಕ್ಕಿ ಅರೆದ ಬಿಳಿ, ಹುರಿದು ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಬರೆಯಲು ಪುಂಡಿನಾರಿನ ಕುಂಚ. ಅಂಗಡಿಯಿಂದ ತರಬೇಕಾದ ಸಾಮಾನು ಒಂದೂ ಇಲ್ಲ. ಕರಾವಳಿಯಲ್ಲಿ ಕಾವಿ ಕಲೆ ಇತ್ತು. ಸುಣ್ಣದ ಗಾರೆಯ ಮೇಲೆ ಕೆಂಪು ಬಳಿದು, ಅದು ಹಸಿಯಿರುವಾಗಲೇ ಕೆರೆದು, ಕೆಳಗಿನ ಬಿಳಿ ಕಾಣುವ ಹಾಗೆ ಮಾಡುವ ಕೆಲಸ. ಇವೆರಡಕ್ಕೂ ಒಂದೇ ಷರತ್ತು: ಗೋಡೆ ನಿಮ್ಮದಾಗಿರಬೇಕು.

ಊರು ಬಿಟ್ಟವರಿಗೆ ಮೊದಲು ತಪ್ಪಿಹೋದದ್ದು ಈ ಷರತ್ತೇ. ಮುಂಬಯಿಯ ಚಾಳಿನ ಒಂದು ಖೋಲಿಗೆ, ಪುಣೆಯ ವಾಡೆಯ ಎರಡು ಕೋಣೆಗೆ, ಮದ್ರಾಸಿನ ಹಿತ್ತಿಲ ಪೋರ್ಷನ್ನಿಗೆ ಬಾಡಿಗೆ ಕೊಡುವವನು ಗೋಡೆಗೆ ಕೆಮ್ಮಣ್ಣು ಬಳಿಯುತ್ತೇನೆ ಅಂದರೆ ಮಾಲೀಕ ಸುಮ್ಮನಿರುತ್ತಾನೆಯೇ? ಅವನು ಒಪ್ಪಿದರೆ ನಾಲ್ಕು ಮೊಳೆ, ಅಷ್ಟೇ. ಹೀಗಾಗಿ ಚಿತ್ರ ಗೋಡೆಯಿಂದ ಕಳಚಿಕೊಂಡು ಮೊಳೆಯ ಮೇಲೆ ಬಂತು. ಟ್ರಂಕಿನಲ್ಲಿ ಎರಡು ಸೀರೆಯ ನಡುವೆ ಇಟ್ಟು ಸಾಗಿಸಬಹುದಾದ್ದು ಮಾತ್ರ ಹೊರನಾಡಿನ ಕಲೆಯಾಯಿತು. ನಾನು ಕಲಾವಿಮರ್ಶಕನಲ್ಲ, ಲೆಕ್ಕದ ಮನುಷ್ಯ. ಆದರೂ ಈ ಅಗ್ಗದ ಪಟಗಳ ಚರಿತ್ರೆಯನ್ನು ಯಾರಾದರೂ ಒಂದು ಕಡೆ ಬರೆದಿಡಬೇಕು ಅನ್ನಿಸಿ ಈ ಲೇಖನ.

ಮನೆಗೆ ತರಬಹುದಾದ ಅಚ್ಚಿನ ಚಿತ್ರ ನಮ್ಮ ಕಡೆಗೆ ಬಂದದ್ದು ಮುಖ್ಯವಾಗಿ ಪುಣೆ, ಮುಂಬಯಿಗಳಿಂದ. 1878ರಲ್ಲಿ ವಿಷ್ಣುಶಾಸ್ತ್ರಿ ಚಿಪಳೂಣಕರ್ ಅವರು ಪುಣೆಯಲ್ಲಿ ಚಿತ್ರಶಾಲಾ ಪ್ರೆಸ್ ಶುರು ಮಾಡಿದರು. ದೇವರ, ಇತಿಹಾಸ ಪುರುಷರ ಬಣ್ಣದ ಅಚ್ಚುಗಳು ಅಲ್ಲಿಂದ ಹೊರಟವು. ಆಗ ಧಾರವಾಡ, ಬೆಳಗಾವಿ, ಬಿಜಾಪುರಗಳೆಲ್ಲ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು ಅನ್ನುವುದನ್ನು ನೆನಪಿಟ್ಟುಕೊಳ್ಳಿ. ಪುಣೆಯ ಸರಕು ಆ ಊರುಗಳಿಗೆ ಪರದೇಶದ ಸರಕಾಗಿರಲಿಲ್ಲ.

ಆಮೇಲೆ ಬಂದವರು ರಾಜಾ ರವಿವರ್ಮ. ಅವರ ಒಂದು ತೈಲಚಿತ್ರವನ್ನು ಅರಸರು, ದಿವಾನರು ಮಾತ್ರ ಕೊಳ್ಳಬಹುದಿತ್ತು. ಬೇಡಿಕೆ ಪೂರೈಸಬೇಕಾದರೆ ಅಚ್ಚು ಹಾಕಿಸಿ ಎಂದು ಅವರಿಗೆ ಸಲಹೆ ಕೊಟ್ಟವರು ದಿವಾನರಾಗಿದ್ದ ಸರ್ ಟಿ. ಮಾಧವರಾವ್. 1894ರಲ್ಲಿ ಮುಂಬಯಿಯಲ್ಲಿ ಪ್ರೆಸ್ ಶುರುವಾಯಿತು. ಕೆಲವೇ ವರ್ಷದಲ್ಲಿ ನಗರಕ್ಕೆ ಪ್ಲೇಗು ಬಂತು, ಸಾಲವೂ ಬೆಳೆಯಿತು. ಪ್ರೆಸ್ಸನ್ನು ಲೋಣಾವಳದ ಹತ್ತಿರದ ಮಳವಲಿಗೆ ಸಾಗಿಸಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದನ್ನು ಅಲ್ಲಿಯೇ ತಂತ್ರಜ್ಞನಾಗಿದ್ದ ಜರ್ಮನಿಯ ಫ್ರಿಟ್ಜ್ ಶ್ಲೈಷರ್‌ಗೆ ಮಾರಬೇಕಾಯಿತು. 1972ರಲ್ಲಿ ಬೆಂಕಿ ಬಿದ್ದು ಕಾರ್ಖಾನೆ ಹಾಳಾಯಿತು.

ಈ ಅಚ್ಚಿನ ಕೆಲಸ ಸುಲಭದ್ದಲ್ಲ. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಚಿತ್ರ ಬರೆಯಬೇಕು. ನೀರು ಹಚ್ಚಿದರೆ ಬರೆಯದ ಜಾಗ ಒದ್ದೆಯಾಗುತ್ತದೆ, ಬಣ್ಣ ಜಿಡ್ಡಿರುವ ಕಡೆ ಮಾತ್ರ ಹತ್ತುತ್ತದೆ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಕೊನೆಗೆ ವಾರ್ನಿಶ್ ಕೊಟ್ಟರೆ ತೈಲಚಿತ್ರದ ಹೊಳಪು ಬರುತ್ತದೆ. ಅದಕ್ಕೇ ಓಲಿಯೊಗ್ರಾಫ್ ಅಂತ ಹೆಸರು. ವ್ಯಾಪಾರಿಯ ಲೆಕ್ಕದಲ್ಲಿ ರವಿವರ್ಮರಿಗೆ ಇದು ನಷ್ಟದ ಖಾತೆ. ಆದರೆ ಲಾಭ ಇನ್ನೊಂದು ಕಡೆ ಜಮೆಯಾಯಿತು. ದೇವಸ್ಥಾನದ ಹೊಸ್ತಿಲು ದಾಟಲು ಬಿಡದಿದ್ದ ಜನರ ಮನೆಗೂ ಲಕ್ಷ್ಮಿ, ಸರಸ್ವತಿ ಕಾಗದದ ಮೇಲೆ ನಡೆದು ಬಂದರು. ಅರಮನೆಯಲ್ಲಿರುವ ಚಿತ್ರವೇ ಚಾಳಿನಲ್ಲೂ ಇತ್ತು.

ಇಲ್ಲಿಯವರೆಗೆ ಇದು ಪ್ರೆಸ್ಸಿನವರ ಕಥೆ. ಮನೆಯವರ ಕಥೆ ಇಲ್ಲಿಂದ ಶುರುವಾಗುತ್ತದೆ. ಸಂಗ್ರಹಗಳಲ್ಲಿ ಉಳಿದಿರುವ ಎಷ್ಟೋ ಓಲಿಯೊಗ್ರಾಫ್‌ಗಳಲ್ಲಿ ದೇವಿಯ ಸೀರೆಗೆ ನಿಜವಾದ ಬಟ್ಟೆ, ಅಂಚಿಗೆ ಜರಿ, ಒಡವೆಗೆ ಚಮಕಿ ಮತ್ತು ಮಣಿ ಹೊಲಿದಿರುವುದನ್ನು ಕಾಣಬಹುದು. ಮುಖ, ಕೈಕಾಲು ಮಾತ್ರ ಅಚ್ಚಿನವು, ಉಳಿದದ್ದೆಲ್ಲ ಕೈಕೆಲಸ. ಯಾಕೆ ಹೀಗೆ ಮಾಡಿದರು? ಒಂದು ಕಾರಣ ಭಕ್ತಿ, ಅಲಂಕಾರವಿಲ್ಲದ ದೇವರು ನಮಗೆ ಒಗ್ಗುವುದಿಲ್ಲ. ಇನ್ನೊಂದು ಕಾರಣವೂ ಇದೆ ಅಂತ ನನಗೆ ಅನ್ನಿಸುತ್ತದೆ. ಸಾವಿರಾರು ಮನೆಯಲ್ಲಿರುವ ಒಂದೇ ಚಿತ್ರವನ್ನು ‘ನಮ್ಮ ಮನೆಯದು’ ಮಾಡಿಕೊಳ್ಳಲು ಇದಕ್ಕಿಂತ ಕಡಿಮೆ ಖರ್ಚಿನ ದಾರಿ ಇರಲಿಲ್ಲ. ಹರಿದ ಸೀರೆಯ ಜರಿಗೆ ಬೆಲೆ ಏನು?

ಪಟವನ್ನೇ ಕೊಳ್ಳದೆ ಮಾಡಿಕೊಂಡವರೂ ಇದ್ದರು. ಧಾರವಾಡದ ಕಡೆಯ ಹೆಣ್ಣುಮಕ್ಕಳಿಗೆ ಕಸೂತಿ ಕೈಯಲ್ಲೇ ಇತ್ತು. ಗವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆ. ಮೊದಲು ಗೆರೆ ಹಾಕಿಕೊಳ್ಳುವ ಹಾಗಿಲ್ಲ, ಬಟ್ಟೆಯ ಎಳೆ ಎಣಿಸಿಯೇ ಹೊಲಿಯಬೇಕು, ಗಂಟು ಹಾಕಬಾರದು. ಗವಂತಿ, ಮುರಗಿಯಲ್ಲಂತೂ ಎರಡೂ ಬದಿ ಒಂದೇ ಥರ ಕಾಣಬೇಕು. ಇಳಕಲ್ ಸೀರೆಯ ಮೇಲಿದ್ದ ಗೋಪುರ, ತೇರು, ಆನೆ, ತುಳಸಿಕಟ್ಟೆ ಒಂದು ತುಂಡು ಮ್ಯಾಟಿ ಬಟ್ಟೆಗೆ ಇಳಿದು, ಗಾಜಿನ ಹಿಂದೆ ಸೇರಿ ಪಟವಾದವು. ಊರಿನಲ್ಲಿ ಉಡುವ ಸೀರೆಯಾಗಿದ್ದದ್ದು ಪರಸ್ಥಳದಲ್ಲಿ ಗೋಡೆಗೆ ಏರಿತು. ಬಂದವರು ‘ಇದು ಯಾವ ಕಡೆಯದು?’ ಅಂತ ಕೇಳಿದರೆ ಊರಿನ ಮಾತು ತೆಗೆಯಲು ಅಷ್ಟು ಸಾಕಲ್ಲ!

ಅದೂ ಆಗದವರಿಗೆ ಕ್ಯಾಲೆಂಡರ್ ಇತ್ತು, ಪುಕ್ಕಟೆಯಾಗಿ. ಶಿವಕಾಶಿಯಲ್ಲಿ 1920ರ ದಶಕದಲ್ಲಿ ಬೆಂಕಿಪೊಟ್ಟಣದ ಕೆಲಸ ಶುರುವಾಯಿತು. ಪೊಟ್ಟಣಕ್ಕೆ ಲೇಬಲ್ ಬೇಕು, ಲೇಬಲ್ಲಿಗೆ ಅಚ್ಚುಕೂಟ ಬೇಕು, ಅಚ್ಚುಕೂಟಕ್ಕೆ ವರ್ಷವಿಡೀ ಕೆಲಸ ಬೇಕು. ಹೀಗೆ ಆ ಊರು ಕ್ಯಾಲೆಂಡರಿನ ಊರಾಯಿತು. ಚಿತ್ರ ಮೊದಲೇ ಸಿದ್ಧ. ಕೆಳಗೆ ಕಿರಾಣಿ ಅಂಗಡಿಯ ಹೆಸರೋ ಬಟ್ಟೆ ಅಂಗಡಿಯ ಹೆಸರೋ ಸೇರಿಸಿ ಅಚ್ಚು ಹಾಕಿದರೆ ಮುಗಿಯಿತು.

ಈ ಕ್ಯಾಲೆಂಡರ್ ಚಿತ್ರಗಳ ದೊಡ್ಡ ಹೆಸರುಗಳಲ್ಲಿ ಒಬ್ಬರು ನಮ್ಮವರೇ, ಅದೂ ಹೊರನಾಡಿನಲ್ಲಿ ಬಾಳಿದವರು. ಎಸ್.ಎಂ. ಪಂಡಿತರು 1916ರಲ್ಲಿ ಗುಲಬರ್ಗಾದಲ್ಲಿ, ಅಂದರೆ ಇಂದಿನ ಕಲಬುರಗಿಯಲ್ಲಿ, ಹುಟ್ಟಿದರು. ಮದ್ರಾಸಿನಲ್ಲಿ ಕಲಿತು ಮುಂಬಯಿಯಲ್ಲಿ ನೆಲೆಸಿ ಸಿನಿಮಾ ಪೋಸ್ಟರ್, ಪತ್ರಿಕೆಯ ಮುಖಪುಟ, ಪುರಾಣದ ಚಿತ್ರಗಳನ್ನು ಬರೆದರು. 1993ರಲ್ಲಿ ತೀರಿಕೊಂಡರು. ಅವರ ಚಿತ್ರವಿರುವ ಕ್ಯಾಲೆಂಡರ್ ತೂಗುಹಾಕಿದ ಎಷ್ಟು ಕನ್ನಡದ ಮನೆಗಳಿಗೆ ಬರೆದವರು ಕಲಬುರಗಿಯವರು ಅಂತ ಗೊತ್ತಿತ್ತೋ!

ನಮ್ಮ ಬ್ಯಾಂಕಿನವರ ಪಾಲೂ ಇದರಲ್ಲಿದೆ. 1969ರ ಜುಲೈನಲ್ಲಿ 14 ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ಅದರಲ್ಲಿ ದಕ್ಷಿಣ ಕನ್ನಡ ಮೂಲದ ಕೆನರಾ, ಸಿಂಡಿಕೇಟ್ ಇದ್ದವು. 1980ರಲ್ಲಿ ಇನ್ನೂ ಆರು ಸೇರಿದವು, ಅದರಲ್ಲಿ ಕಾರ್ಪೊರೇಷನ್ ಮತ್ತು ವಿಜಯಾ ಬ್ಯಾಂಕ್. ಶಾಖೆಗಳು ಉತ್ತರದ ಊರೂರಿಗೆ ಹಬ್ಬಿದವು, ಅವುಗಳ ಹಿಂದೆ ಕನ್ನಡದ ಸಂಸಾರಗಳೂ ಹೋದವು. ಮೂರು ವರ್ಷಕ್ಕೊಮ್ಮೆ ವರ್ಗ ಆಗುವವರು ಭಾರದ ಫ್ರೇಮು ಹೊತ್ತು ತಿರುಗಲಾರರು. ಬ್ಯಾಂಕಿನ ಕ್ಯಾಲೆಂಡರಿಗೆ ಡಿಸೆಂಬರ್ ಕೊನೆಯಲ್ಲಿ ಕೌಂಟರಿನ ಮುಂದೆ ಎಂಥ ಗದ್ದಲ ಅನ್ನುವುದು ಆ ಸೀಟಿನಲ್ಲಿ ಕೂತವನಿಗೇ ಗೊತ್ತು. ಠೇವಣಿ ಇಲ್ಲದವರೂ ಕೇಳುತ್ತಿದ್ದರು. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಇಲಾಖೆಗಳೂ ಸರ್ಕಾರಿ ಬ್ಯಾಂಕುಗಳೂ ಕ್ಯಾಲೆಂಡರ್, ಡೈರಿ ಅಚ್ಚು ಹಾಕಿಸಬಾರದೆಂದು ಆದೇಶಿಸಿತು. ಮೇಲೆ ಹೇಳಿದ ನಾಲ್ಕರಲ್ಲಿ ಮೂರು ಬ್ಯಾಂಕುಗಳು ಅಷ್ಟರಲ್ಲಿ, 2019 ಮತ್ತು 2020ರ ಏಪ್ರಿಲ್‌ನಲ್ಲಿ, ಬೇರೆ ಬ್ಯಾಂಕುಗಳಲ್ಲಿ ವಿಲೀನವಾಗಿದ್ದವು.

ವರ್ಷ ಮುಗಿದ ಮೇಲೆ ತಾರೀಕಿನ ಭಾಗ ಕತ್ತರಿಸಿ ಚಿತ್ರಕ್ಕೆ ಕಟ್ಟು ಹಾಕುವುದು ಮನೆಯ ಕೆಲಸ. ಮರದ ಕಟ್ಟು ದುಬಾರಿ. ಅಗ್ಗದ ಉಪಾಯ ಇದು: ಅಳತೆಗೆ ಕತ್ತರಿಸಿದ ಗಾಜು, ಅದರ ಹಿಂದೆ ಚಿತ್ರ, ಹಿಂದೆ ಅಂಗಿಯ ಡಬ್ಬಿಯ ರಟ್ಟು, ಮೂರನ್ನೂ ಹಿಡಿದು ನಾಲ್ಕೂ ಅಂಚಿಗೆ ಕಪ್ಪು ಕಾಗದದ ಪಟ್ಟಿ. ಅಂಟು ಮನೆಯಲ್ಲೇ ಕುದಿಸಿದ ಮೈದಾ ಗಂಜಿ. ಹುಳು ಬರದಿರಲಿ ಅಂತ ಅದಕ್ಕೆ ಚೂರು ಮೈಲುತುತ್ತ ಹಾಕುತ್ತಿದ್ದರು. ಅದು ವಿಷ, ಮಕ್ಕಳ ಕೈಗೆ ಸಿಗದ ಹಾಗೆ ಇಡಬೇಕು. ರಟ್ಟು ತೀರಾ ಅಗ್ಗದ್ದಾದರೆ ಅದರ ಆಮ್ಲ ಚಿತ್ರಕ್ಕೂ ಇಳಿದು ಕಾಗದ ಕಂದುತ್ತದೆ. ನಡುವೆ ಒಂದು ಒಳ್ಳೆಯ ಬಿಳಿ ಹಾಳೆ ಇಡುವುದು ಮೇಲು. ಬಿಸಿಲು ಬೀಳುವ ಗೋಡೆ ಬೇಡ. ಅಚ್ಚಿನ ಬಣ್ಣದಲ್ಲಿ ಮೊದಲು ಹೋಗುವುದು ಕೆಂಪು, ಹಳದಿ. ಉಳಿಯುವುದು ನೀಲಿ. ಹಳೆಯ ಮನೆಗಳಲ್ಲಿ ಗಣಪತಿ, ಲಕ್ಷ್ಮಿ, ವೆಂಕಟರಮಣ ಎಲ್ಲರೂ ನಿಧಾನಕ್ಕೆ ಕೃಷ್ಣನ ಬಣ್ಣಕ್ಕೆ ತಿರುಗಿರುತ್ತಾರೆ, ನೋಡಿ.

ಈಗ ಮುಂಬಯಿಯ ಹಳೆಯ ಚಾಳುಗಳು ಒಂದೊಂದಾಗಿ ಕೆಡವಿಸಿಕೊಂಡು ಗೋಪುರಗಳಾಗುತ್ತಿವೆ. ಖೋಲಿ ಖಾಲಿ ಮಾಡುವಾಗ ಪಾತ್ರೆಗೆ ಬೆಲೆ ಇದೆ, ತಾಮ್ರದ ಹಂಡೆಗೆ ಬೆಲೆ ಇದೆ, ಪಟ ಹೋಗುವುದು ರದ್ದಿಯವನ ಕೈಗೆ ಅಥವಾ ಅರಳಿಮರದ ಬುಡಕ್ಕೆ. ಅತ್ತ ಅಂಥವೇ ಪಟಗಳು ಹರಾಜಿನಲ್ಲಿ, ಸಂಗ್ರಹಾಲಯಗಳಲ್ಲಿ ಗಾಜಿನ ಹಿಂದೆ ಕೂತಿವೆ. ಬೆಲೆಯ ಮಾತು ಬಿಡಿ, ನನ್ನ ಚಿಂತೆ ಬೇರೆ. ರವಿವರ್ಮರ ಹೆಸರು ಉಳಿಯಿತು, ಶ್ಲೈಷರ್‌ನ ಹೆಸರೂ ಉಳಿಯಿತು. ಚಮಕಿ ಹೊಲಿದವಳ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಅವಳು ಸಹಿ ಹಾಕಲಿಲ್ಲ. ಊರು ಬಿಟ್ಟು ಬಂದ ಆ ತಲೆಮಾರಿನ ಎಷ್ಟೋ ಹೆಂಗಸರು ಕಾಗದ ಬರೆದಿಟ್ಟವರಲ್ಲ, ಡೈರಿ ಇಟ್ಟವರಲ್ಲ. ಅವರು ಬಿಟ್ಟುಹೋದ ದಾಖಲೆ ಇದೊಂದೇ.

ಕರ್ನಾಟಕದಲ್ಲಿರುವ ನಿಮಗೊಂದು ವಿನಂತಿ. ನಿಮ್ಮ ಅತ್ತೆಯೋ ಚಿಕ್ಕಮ್ಮನೋ ಮುಂಬಯಿಯಿಂದ, ದಿಲ್ಲಿಯಿಂದ ಹೊತ್ತು ತಂದ ಪಟ ಅಟ್ಟದ ಮೇಲಿದ್ದರೆ ಒಮ್ಮೆ ಕೆಳಗಿಳಿಸಿ. ಕೆಳಗಿನ ಅಂಚಿನಲ್ಲಿ ಪ್ರೆಸ್ಸಿನ ಹೆಸರಿದೆಯೇ ಓದಿ. ರಟ್ಟು ಬದಲಿಸಿ, ಬಿಳಿ ಹಾಳೆ ಕೊಡಿ. ಆಮೇಲೆ ಹಿಂಬದಿಯಲ್ಲಿ ಪೆನ್ಸಿಲಿನಿಂದ ಮಾಡಿದವರ ಹೆಸರು, ಊರು, ವರ್ಷ ಬರೆಯಿರಿ. ಗೊತ್ತಿರುವವರು ಇನ್ನೂ ಮನೆಯಲ್ಲಿ ಇರುವಾಗಲೇ ಕೇಳಿ ಬರೆಯಿರಿ.