ರಾಬರ್ಟ್ ಚಾಂಪಿಯನ್

ಚಾಂಪಿಯನ್, ರಾಬರ್ಟ್ ಡಾರ್ನೆಲ್ (1985-2011). ಅಮೆರಿಕದ ಯುವ ವಾದ್ಯಗಾರ; ಫ್ಲಾರಿಡಾ ಎ ಆ್ಯಂಡ್ ಎಂ ವಿಶ್ವವಿದ್ಯಾಲಯದ ‘ಮಾರ್ಚಿಂಗ್ 100’ ಬ್ಯಾಂಡಿನ ಡ್ರಮ್ ಮೇಜರ್. ಗುಂಪಿಗೆ ಸೇರಿಸಿಕೊಳ್ಳುವ ನೆಪದಲ್ಲಿ ಸಹವಿದ್ಯಾರ್ಥಿಗಳನ್ನು ಹೊಡೆದು ಹಿಂಸಿಸುವ ಹೇಜಿಂಗ್ ಪದ್ಧತಿ ಆ ಬ್ಯಾಂಡಿನಲ್ಲಿ ಬಹುಕಾಲದಿಂದ ಬೇರೂರಿತ್ತು. ಅದನ್ನು ಒಪ್ಪದ ಈತ 26ನೆಯ ವಯಸ್ಸಿನಲ್ಲಿ ಅದಕ್ಕೇ ಬಲಿಯಾದ. ಭಾರತದ ಕಾಲೇಜುಗಳ ರ‍್ಯಾಗಿಂಗ್ ಸಾಮಾನ್ಯವಾಗಿ ಹೊಸಬರ ಮೇಲೆ ನಡೆಯುತ್ತದೆ. ಚಾಂಪಿಯನ್ ಹೊಸಬನಲ್ಲ, ಬ್ಯಾಂಡಿನ ನಾಯಕರಲ್ಲೇ ಒಬ್ಬ. ಇಂಥವನನ್ನೂ ಆ ಪದ್ಧತಿ ಬಿಡಲಿಲ್ಲ ಎಂಬ ಕಾರಣಕ್ಕೆ ಈತನ ಸಾವು ಅಮೆರಿಕದ ವಿಶ್ವವಿದ್ಯಾಲಯಗಳನ್ನು ಅಲುಗಾಡಿಸಿತು.

ಜಾರ್ಜಿಯಾ ರಾಜ್ಯದ ಅಟ್ಲಾಂಟಾ ನಗರದ ಪಕ್ಕದ ಡಿಕೇಟರ್ ಈತನ ಊರು. ತಾಯಿ ಪಮೇಲಾ, ತಂದೆಯ ಹೆಸರೂ ರಾಬರ್ಟ್. ಎಳವೆಯಲ್ಲೇ ಮೆರವಣಿಗೆಯ ಬ್ಯಾಂಡಿಗೆ ಮನಸೋತ ಹುಡುಗ ಕ್ಲಾರಿನೆಟ್ ಕಲಿತ. ಸೌತ್‌ವೆಸ್ಟ್ ಡಿಕಾಲ್ಬ್ ಪ್ರೌಢಶಾಲೆಯ ಬ್ಯಾಂಡು ಆ ಭಾಗದಲ್ಲಿ ಹೆಸರಾದದ್ದು; ಅಲ್ಲಿ ನುಡಿಸುತ್ತ ಡ್ರಮ್ ಮೇಜರ್ ಪಟ್ಟಕ್ಕೇರಿದ. ಮುಂದೆ ಸಂಗೀತವನ್ನೇ ಓದಲು ಫ್ಲಾರಿಡಾದ ರಾಜಧಾನಿ ಟ್ಯಾಲಹಾಸಿಯಲ್ಲಿರುವ ಎ ಆ್ಯಂಡ್ ಎಂ ವಿಶ್ವವಿದ್ಯಾಲಯಕ್ಕೆ ಹೋದ.

ಡ್ರಮ್ ಮೇಜರ್ ಎಂದರೆ ಡೋಲು ಬಾರಿಸುವವನಲ್ಲ. ದಸರಾ ಮೆರವಣಿಗೆಯಲ್ಲಿ ಪೊಲೀಸ್ ಬ್ಯಾಂಡಿನ ಮುಂದೆ ದಂಡ ಹಿಡಿದು ನಡೆಯುವವನಂತೆ ಇಡೀ ತಂಡದ ಹೆಜ್ಜೆ, ಲಯ, ತಿರುವುಗಳನ್ನು ಸೀಟಿಯಿಂದಲೂ ಕೈಸನ್ನೆಯಿಂದಲೂ ನಡೆಸುವವನು ಅವನು. ಮಾರ್ಚಿಂಗ್ 100ರಲ್ಲಿ ಆ ಹೊಣೆ ಇನ್ನೂ ಕಠಿಣ. ಮೊಣಕಾಲನ್ನು ಮೇಲೆತ್ತಿ ಇಡುವ ಹೆಜ್ಜೆ, ಬೆನ್ನನ್ನು ಹಿಂದಕ್ಕೆ ಬಾಗಿಸಿ ನೆಲ ಮುಟ್ಟುವ ಬಳುಕು, ಗಳಿಗೆಯಲ್ಲಿ ವಿಳಂಬದಿಂದ ಅತಿದ್ರುತಕ್ಕೆ ಜಿಗಿಯುವ ಗತಿ ಎಲ್ಲವನ್ನೂ ಮೊದಲು ಡ್ರಮ್ ಮೇಜರೇ ಮಾಡಿ ತೋರಬೇಕು. ಚಾಂಪಿಯನ್ ಇದರಲ್ಲಿ ಪಳಗಿದ್ದ. ಮರುವರ್ಷ ಮುಖ್ಯ ಡ್ರಮ್ ಮೇಜರ್ ಸ್ಥಾನ ಈತನಿಗೇ ಸಲ್ಲುತ್ತದೆಂದು ಹಲವರು ನಂಬಿದ್ದರು.

ಈ ಬ್ಯಾಂಡಿನ ಹಿರಿಮೆ ತಿಳಿಯದೆ ಈತನ ಕಥೆ ಅರ್ಥವಾಗದು. 1887ರಲ್ಲಿ ಕರಿಯ ಜನಾಂಗದವರ ಶಿಕ್ಷಣಕ್ಕಾಗಿ ಆರಂಭವಾದ ವಿದ್ಯಾಸಂಸ್ಥೆ ಫ್ಲಾರಿಡಾ ಎ ಆ್ಯಂಡ್ ಎಂ. 1946ರಲ್ಲಿ ವಿಲಿಯಂ ಪಿ. ಫಾಸ್ಟರ್ ಅಲ್ಲಿಗೆ ಬಂದು ಕೆಲವೇ ವಾದ್ಯಗಾರರಿದ್ದ ತಂಡವನ್ನು ಕಟ್ಟಿ ಬೆಳೆಸಿದರು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅದನ್ನು ನಡೆಸಿದರು. ಮೈದಾನದಲ್ಲಿ ಸೇನಾ ಕವಾಯತಿನ ಗೆರೆಗಳಷ್ಟೇ ಮೂಡುತ್ತಿದ್ದ ಕಾಲದಲ್ಲಿ ಅವರು ಕುಣಿತವನ್ನೂ ಜನಪ್ರಿಯ ಸಂಗೀತವನ್ನೂ ತಂದರು. 1985ರಲ್ಲಿ, ಚಾಂಪಿಯನ್ ಹುಟ್ಟಿದ ವರ್ಷದಲ್ಲಿ, ಕಾಲೇಜು ಬ್ಯಾಂಡುಗಳಿಗೆ ಕೊಡುವ ಸಡ್ಲರ್ ಟ್ರೋಫಿ ಅದಕ್ಕೆ ದೊರಕಿತು. 1989ರಲ್ಲಿ ಫ್ರೆಂಚ್ ಕ್ರಾಂತಿಯ ಇನ್ನೂರನೆಯ ವರ್ಷಾಚರಣೆಯ ಮೆರವಣಿಗೆಗೆ ಅಮೆರಿಕದ ಪರವಾಗಿ ಪ್ಯಾರಿಸ್‌ಗೆ ಹೋದದ್ದೂ ಇದೇ ತಂಡ. ಆಫ್ರಿಕನ್-ಅಮೆರಿಕನ್ ಕುಟುಂಬಗಳಲ್ಲಿ ಈ ಸಮವಸ್ತ್ರ ತೊಡುವುದು ಮನೆತನದ ಗೌರವ. ಇಷ್ಟು ದೊಡ್ಡ ಹೆಸರಿನ ನೆರಳಲ್ಲೇ ಹಿಂಸೆ ಬೆಳೆಯಿತು. ‘ನೂರರಲ್ಲಿ ಒಬ್ಬ’ನಾಗಲು ಏನನ್ನಾದರೂ ಸಹಿಸಬೇಕೆಂಬ ಭಾವನೆ ಹಿರಿಯರಿಂದ ಕಿರಿಯರಿಗೆ ಇಳಿಯುತ್ತ ಬಂತು.

ಎಚ್ಚರಿಕೆಗಳು ಇರಲಿಲ್ಲವೆಂದಲ್ಲ. 1998ರಲ್ಲಿ ಕ್ಲಾರಿನೆಟ್ ನುಡಿಸುವ ವಿದ್ಯಾರ್ಥಿಯೊಬ್ಬನಿಗೆ ಮರದ ಹಲಗೆಯಿಂದ ನೂರಾರು ಏಟು ಬಿದ್ದು ಆಸ್ಪತ್ರೆ ಸೇರಬೇಕಾಯಿತು. 2001ರಲ್ಲಿ ತುತ್ತೂರಿ ವಾದಕನೊಬ್ಬನ ಮೂತ್ರಪಿಂಡಕ್ಕೆ ಹಾನಿಯಾಯಿತು. ನ್ಯಾಯಾಲಯ ಆತನಿಗೆ ದೊಡ್ಡ ಮೊತ್ತದ ಪರಿಹಾರ ಮಂಜೂರು ಮಾಡಿತು. ಬ್ಯಾಂಡಿನೊಳಗೆ ವಾದ್ಯಕ್ಕೊಂದು, ಊರಿಗೊಂದು ಒಳಗುಂಪುಗಳಿದ್ದವು. ಜಾರ್ಜಿಯಾದವರದೇ ಒಂದು ಪ್ರತ್ಯೇಕ ಕೂಟವಿತ್ತು. 2011ರ ಶರತ್ಕಾಲದಲ್ಲಿ, ಚಾಂಪಿಯನ್ ಸಾಯುವುದಕ್ಕೆ ಕೆಲವೇ ವಾರಗಳ ಮೊದಲು, ಈತನ ಪ್ರೌಢಶಾಲೆಯಲ್ಲೇ ಓದಿ ಬಂದಿದ್ದ ಮೊದಲ ವರ್ಷದ ಹುಡುಗಿಯೊಬ್ಬಳ ತೊಡೆಯ ಮೂಳೆ ಹೊಡೆತಕ್ಕೆ ಬಿರುಕುಬಿಟ್ಟಿತ್ತು. ಆಗಿನ ನಿರ್ದೇಶಕ ಜೂಲಿಯನ್ ವೈಟ್ ಅದೇ ದಿನಗಳಲ್ಲಿ 26 ಮಂದಿಯನ್ನು ಅಮಾನತು ಮಾಡಿದ್ದರು. ಇಷ್ಟಾದರೂ ಬ್ಯಾಂಡಿನ ಕಾರ್ಯಕ್ರಮ ನಿಲ್ಲಲಿಲ್ಲ. ಅದು ನಿಂತಿದ್ದರೆ ಈತ ಬದುಕುತ್ತಿದ್ದನೇನೋ.

2011ರ ನವೆಂಬರ್ 19ರಂದು ಆರ್ಲ್ಯಾಂಡೊ ನಗರದಲ್ಲಿ ಬೆಥೂನ್-ಕುಕ್‌ಮನ್ ವಿಶ್ವವಿದ್ಯಾಲಯದ ಎದುರು ವಾರ್ಷಿಕ ‘ಫ್ಲಾರಿಡಾ ಕ್ಲಾಸಿಕ್’ ಫುಟ್‌ಬಾಲ್ ಪಂದ್ಯವಿತ್ತು. ನಡುವಿರಾಮದಲ್ಲಿ ಬ್ಯಾಂಡಿನ ಪ್ರದರ್ಶನ ಮುಗಿಯಿತು. ಆ ರಾತ್ರಿ ತಂಡ ಇಳಿದುಕೊಂಡಿದ್ದ ಹೋಟೆಲಿನ ಬಯಲಲ್ಲಿ ನಿಂತಿದ್ದ ‘ಬಸ್ ಸಿ’ಯನ್ನು ಚಾಂಪಿಯನ್ ಹತ್ತಿದ. ತಾಳವಾದ್ಯದವರ ಬಸ್ಸು ಅದು. ಮುಂಬಾಗಿಲಿಂದ ಹತ್ತಿ, ಇಕ್ಕಟ್ಟಾದ ಹಾದಿಯ ಎರಡೂ ಕಡೆ ನಿಂತವರ ಗುದ್ದು, ಒದೆ, ಡೋಲಿನ ಕೋಲಿನ ಏಟುಗಳ ನಡುವೆ ನುಗ್ಗಿ ಹಿಂದಿನ ಗೋಡೆ ಮುಟ್ಟಬೇಕು. ಇದಕ್ಕೆ ‘ಬಸ್ ದಾಟುವುದು’ ಎಂದು ಹೆಸರು. ದಾಟಿದವರಿಗೆ ಅಲ್ಲಿ ಮರ್ಯಾದೆ. ಈತ ದಾಟಿದ. ಕೆಳಗಿಳಿದ ಮೇಲೆ ವಾಂತಿಯಾಯಿತು, ಉಸಿರಾಡಲು ಆಗುತ್ತಿಲ್ಲವೆಂದ, ಪ್ರಜ್ಞೆ ತಪ್ಪಿತು. ಆಸ್ಪತ್ರೆಯಲ್ಲಿ ಸಾವನ್ನು ಘೋಷಿಸಿದರು.

ಡಿಸೆಂಬರಿನಲ್ಲಿ ಬಂದ ಶವಪರೀಕ್ಷೆಯ ವರದಿ ಇದನ್ನು ನರಹತ್ಯೆ ಎಂದು ಗುರುತಿಸಿತು. ಮೂಳೆ ಮುರಿದಿರಲಿಲ್ಲ, ಹೃದಯ, ಯಕೃತ್ತು ಯಾವುದಕ್ಕೂ ಗಾಯವಿರಲಿಲ್ಲ, ಮದ್ಯವಾಗಲಿ ಮಾದಕವಸ್ತುವಾಗಲಿ ದೇಹದಲ್ಲಿ ಇರಲಿಲ್ಲ. ಎದೆ, ತೋಳು, ಭುಜ, ಬೆನ್ನಿನ ಮೇಲೆ ಬಿದ್ದ ಏಟುಗಳಿಗೆ ಚರ್ಮದಡಿಯ ಅಂಗಾಂಶದೊಳಗೆ ರಕ್ತ ಸೋರಿ ಸೋರಿ, ಹರಿಯಬೇಕಾದ ರಕ್ತವೇ ಸಾಲದೆ ದೇಹ ಕುಸಿದಿತ್ತು. ಹೊರಗೆ ರಕ್ತ ಕಾಣದ ಹೊಡೆತ ಅಪಾಯವಲ್ಲ ಎಂದು ನಂಬಿದವರೆಲ್ಲ ಓದಬೇಕಾದ ವರದಿಯಿದು.

ಹೇಜಿಂಗನ್ನು ವಿರೋಧಿಸುತ್ತಿದ್ದವನು ಆ ಬಸ್ಸನ್ನೇಕೆ ಹತ್ತಿದ? ಮಗ ಈ ಪದ್ಧತಿಗೆ ವಿರುದ್ಧವಾಗಿದ್ದ, ಅದಕ್ಕೇ ಕೆಲವರ ಕಣ್ಣಿಗೆ ಗುರಿಯಾದ ಎಂಬುದು ತಂದೆತಾಯಿಯ ನಿಲುವು. ಆತ ತಾನಾಗಿಯೇ ಒಪ್ಪಿ ಬಂದ ಎಂದು ಆರೋಪಿಗಳ ಪರ ವಾದ ನಡೆಯಿತು. ಇದೊಂದು ಸ್ಪರ್ಧೆ, ಹೇಜಿಂಗ್ ಅಲ್ಲವೆಂದೂ ವಕೀಲರು ಹೇಳಿದರು. ಎರಡು ಮಾತನ್ನೂ ಒಟ್ಟಿಗೆ ಇಟ್ಟು ನೋಡಿದರೆ ಈ ಪದ್ಧತಿಯ ಹಿಡಿತ ಎಂಥದೆಂಬುದು ತಿಳಿಯುತ್ತದೆ. ಬಸ್ಸು ದಾಟದವನ ಸೀಟಿಗೆ ಬೆಲೆಯಿಲ್ಲ ಎಂಬ ವಾತಾವರಣದಲ್ಲಿ ನೂರಾರು ಜನರನ್ನು ಮುನ್ನಡೆಸಬೇಕಾದವನು ಕೊಟ್ಟ ಒಪ್ಪಿಗೆಯನ್ನು ಒಪ್ಪಿಗೆ ಎನ್ನುವಂತಿಲ್ಲ. ಫ್ಲಾರಿಡಾದ ಕಾನೂನೂ ಇದೇ ನಿಲುವಿನದು: ಬಲಿಯಾದವನ ಸಮ್ಮತಿ ಅಪರಾಧಿಗೆ ರಕ್ಷಣೆಯಾಗದು. 2001ರಲ್ಲಿ ಮಯಾಮಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಚಾಡ್ ಮೆರಿಡಿತ್ ಹೇಜಿಂಗಿಗೆ ಸಿಕ್ಕಿ ಕೆರೆಯಲ್ಲಿ ಮುಳುಗಿ ಸತ್ತ ಮೇಲೆ 2005ರಲ್ಲಿ ಬಂದ ಕಾಯಿದೆ ಅದು. ಗಂಭೀರ ಗಾಯ ಅಥವಾ ಸಾವಿಗೆ ಕಾರಣವಾಗುವ ಹೇಜಿಂಗನ್ನು ಘೋರ ಅಪರಾಧವೆಂದು ಪರಿಗಣಿಸುತ್ತದೆ.

ಈ ಕಾಯಿದೆಯ ನಿಜವಾದ ಪರೀಕ್ಷೆ ಚಾಂಪಿಯನ್ ಪ್ರಕರಣದಲ್ಲೇ ಆಯಿತು. 2012ರ ಮೇ ತಿಂಗಳಲ್ಲಿ ಮೊದಲ ಆರೋಪಪಟ್ಟಿ ಸಿದ್ಧವಾಯಿತು; ಮರುವರ್ಷ ಕೊಲೆಯಲ್ಲದ ನರಹತ್ಯೆಯ ಆರೋಪವೂ ಸೇರಿತು. ಆರೋಪಿಗಳಾದ ಬ್ಯಾಂಡ್ ಸದಸ್ಯರು ಒಟ್ಟು 15 ಮಂದಿ. ಹೆಚ್ಚಿನವರು ತಪ್ಪೊಪ್ಪಿಕೊಂಡು ಪ್ರೊಬೇಷನ್ ಮತ್ತು ಸಮುದಾಯ ಸೇವೆಯ ಶಿಕ್ಷೆಯಲ್ಲಿ ಪಾರಾದರು. ಬಸ್ಸಿನ ‘ಅಧ್ಯಕ್ಷ’ನೆನಿಸಿಕೊಂಡಿದ್ದವನಿಗೆ 2015ರ ಜನವರಿಯಲ್ಲಿ 77 ತಿಂಗಳ ಸೆರೆವಾಸ ವಿಧಿಸಲಾಯಿತು. ಕಾಯಿದೆಯೇ ಅಸ್ಪಷ್ಟವೆಂದು ಆತ ಸಲ್ಲಿಸಿದ ಮೇಲ್ಮನವಿಯನ್ನು 2018ರಲ್ಲಿ ಫ್ಲಾರಿಡಾ ಸರ್ವೋಚ್ಚ ನ್ಯಾಯಾಲಯ ತಳ್ಳಿಹಾಕಿತು.

ವಿಶ್ವವಿದ್ಯಾಲಯವೂ ಬೆಲೆ ತೆತ್ತಿತು. ಬ್ಯಾಂಡನ್ನು ಅಮಾನತಿನಲ್ಲಿಟ್ಟರು. ಜೂಲಿಯನ್ ವೈಟ್ 2012ರಲ್ಲಿ ನಿವೃತ್ತರಾದರು, ಅಧ್ಯಕ್ಷ ಜೇಮ್ಸ್ ಆಮನ್ಸ್ ಅದೇ ವರ್ಷ ಜುಲೈಯಲ್ಲಿ ರಾಜೀನಾಮೆ ಕೊಟ್ಟರು. ವಿಚಾರಣೆಯಲ್ಲಿ, ಬ್ಯಾಂಡಿನೊಂದಿಗೆ ಪ್ರವಾಸಕ್ಕೆ ಹೋದವರಲ್ಲಿ ಹಲವರು ಆ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೇ ಅಲ್ಲವೆಂಬ ಸಂಗತಿ ಹೊರಬಿತ್ತು. ಹೊಸ ನಿರ್ದೇಶಕ ಸಿಲ್ವೆಸ್ಟರ್ ಯಂಗ್ ನೇತೃತ್ವದಲ್ಲಿ, ಅರ್ಹತೆಯ ಕಟ್ಟುನಿಟ್ಟಾದ ನಿಯಮಗಳೊಂದಿಗೆ, ಬ್ಯಾಂಡು 2013ರಲ್ಲಿ ಮರಳಿ ಮೈದಾನಕ್ಕಿಳಿಯಿತು. ತಂದೆತಾಯಿ ಹೂಡಿದ್ದ ದಾವೆ 2015ರಲ್ಲಿ 11 ಲಕ್ಷ ಡಾಲರುಗಳ ಒಪ್ಪಂದದಲ್ಲಿ ಮುಗಿಯಿತು. ವಿಶ್ವವಿದ್ಯಾಲಯ ಕ್ಷಮೆ ಕೇಳಿತು.

ಮಗ ಮಾಡಬೇಕೆಂದಿದ್ದ ಕೆಲಸವನ್ನು ಪಮೇಲಾ ಮತ್ತು ರಾಬರ್ಟ್ ಚಾಂಪಿಯನ್ ಕೈಗೆತ್ತಿಕೊಂಡರು. ಆತನ ಹೆಸರಿನಲ್ಲಿ ‘ಡ್ರಮ್ ಮೇಜರ್ ಫಾರ್ ಚೇಂಜ್’ ಪ್ರತಿಷ್ಠಾನ ಕಟ್ಟಿ, ಕಾಲೇಜುಗಳಿಗೆ ಹೋಗಿ ವಿದ್ಯಾರ್ಥಿಗಳ ಮುಂದೆ ನಿಂತು ಮಾತಾಡಿದರು. ತಾಯಿಯೊಬ್ಬಳು ಮಗನ ಸಾವಿನ ಮಾತನ್ನು ಮತ್ತೆ ಮತ್ತೆ ಆಡುವುದಕ್ಕೆ ಬೇಕಾದ ಎದೆಗಾರಿಕೆ ದೊಡ್ಡದು. ಆದರೂ ಇಂಥ ಸಾವುಗಳು ನಿಲ್ಲಲಿಲ್ಲ. ಟ್ಯಾಲಹಾಸಿಯಲ್ಲೇ, ನೆರೆಯ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ, 2017ರಲ್ಲಿ ಆಂಡ್ರ್ಯೂ ಕಾಫಿ ಎಂಬ ವಿದ್ಯಾರ್ಥಿ ಮಿತಿಮೀರಿ ಮದ್ಯ ಕುಡಿಸಿದ್ದರಿಂದ ಸತ್ತ. ಆ ಸಾವಿನ ಫಲವಾಗಿ 2019ರಲ್ಲಿ ರಾಜ್ಯದ ಕಾಯಿದೆಗೆ ತಿದ್ದುಪಡಿಯಾಯಿತು: ಹೇಜಿಂಗಿಗೆ ಏರ್ಪಾಡು ಮಾಡಿದವರೂ ಈಗ ಹೊಣೆಗಾರರು; ಮೊದಲು ಸಹಾಯಕ್ಕೆ ಕರೆ ಮಾಡಿದವರಿಗೆ ರಕ್ಷಣೆಯುಂಟು.

ಇಡೀ ದೇಶಕ್ಕೆ ಅನ್ವಯಿಸುವ ಹೇಜಿಂಗ್ ತಡೆ ಕಾಯಿದೆ ಬಂದದ್ದು 2024ರ ಡಿಸೆಂಬರಿನಲ್ಲಿ, ಚಾಂಪಿಯನ್ ಸತ್ತು 13 ವರ್ಷಗಳಾದ ಮೇಲೆ. ಕಾಲೇಜುಗಳು ಹೇಜಿಂಗ್ ಪ್ರಕರಣಗಳನ್ನು ಲೆಕ್ಕವಿಟ್ಟು ವಾರ್ಷಿಕ ಸುರಕ್ಷತಾ ವರದಿಯಲ್ಲಿ ಸೇರಿಸಬೇಕು, ತಪ್ಪು ಮಾಡಿದ ಸಂಘಟನೆಗಳ ಹೆಸರನ್ನು ಪ್ರಕಟಿಸಬೇಕು ಎಂದು ಅದು ವಿಧಿಸುತ್ತದೆ. ವಿದ್ಯಾರ್ಥಿ ಸಂಘಟನೆಗಳೆಂದರೆ ಯಾವುವು ಎಂದು ಹೇಳುವಲ್ಲಿ ಕ್ರೀಡಾ ತಂಡಗಳ ಜೊತೆಗೆ ಬ್ಯಾಂಡನ್ನೂ ಹೆಸರಿಸಿದೆ. ಹಿಂಸೆಗೊಳಗಾದವರು ಒಪ್ಪಿದ್ದರೇ ಇಲ್ಲವೇ ಎಂಬುದನ್ನು ಗಣನೆಗೆ ತೆಗೆದುಕೊಳ್ಳಬಾರದೆಂದೂ ಹೇಳುತ್ತದೆ.