ದರಕು ಗುಡಿಸಿದವರು

ಶಿರಸಿಯ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ, ಫೆಬ್ರವರಿ ಇಲ್ಲವೆ ಮಾರ್ಚ್ ತಿಂಗಳಲ್ಲಿ ಬರುತ್ತದೆ. ನಮ್ಮ ಕಡೆ ಬೆಟ್ಟಕ್ಕೆ ಬೆಂಕಿ ಬೀಳುವ ಕಾಲವೂ ಅದೇ. ಹಾಗಾಗಿ ಜಾತ್ರೆ ಎಂದರೆ ನನಗೆ ಬಳೆ ಅಂಗಡಿ, ತೊಟ್ಟಿಲು, ನಾಟಕದ ಟೆಂಟುಗಳ ಜೊತೆಗೆ ಸುಟ್ಟ ಎಲೆಯ ವಾಸನೆಯೂ ನೆನಪಿಗೆ ಬರುತ್ತದೆ. 1970ರ ದಶಕದ ಒಂದು ಜಾತ್ರೆಗೆ ನಮ್ಮ ಕೇರಿಯ ಗಂಡಸರೆಲ್ಲ ಹೋಗಿದ್ದ ದಿನವೇ ನಮ್ಮ ಬೆಟ್ಟಕ್ಕೆ ಬೆಂಕಿ ಬಿದ್ದಿತ್ತು. ಆಗ ನನಗೆ 11 ವರ್ಷ.

ಬೆಟ್ಟ ಎಂದರೆ ಏನೆಂದು ಪೇಟೆಯ ಓದುಗರಿಗೆ ಸ್ವಲ್ಪ ಹೇಳಬೇಕು. ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಆ ಮಾತಿಗೆ ಗುಡ್ಡ ಎಂಬುದಕ್ಕಿಂತ ಬೇರೆಯೇ ಅರ್ಥವಿದೆ. ಅಡಿಕೆ ತೋಟಕ್ಕೆ ಸೊಪ್ಪು, ದರಕು ತರಲೆಂದು ತೋಟಿಗರಿಗೆ ಬಿಟ್ಟುಕೊಟ್ಟ ಕಾಡು ಅದು. ಬ್ರಿಟಿಷರ ಕಾಲದಿಂದ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಎಂಬ ಲೆಕ್ಕ ನಡೆದು ಬಂದಿದೆ. ದರಕು ಎಂದರೆ ಉದುರಿ ಒಣಗಿದ ಎಲೆ. ಮಳೆ ಮುಗಿದು ಚಳಿ ಕಳೆಯುತ್ತಿದ್ದ ಹಾಗೆ ಮತ್ತಿ, ಹೊನ್ನೆ, ನಂದಿ ಮರಗಳೆಲ್ಲ ಎಲೆ ಉದುರಿಸುತ್ತವೆ. ಅದನ್ನು ಗುಡಿಸಿ, ಕಲ್ಲಿಯಲ್ಲಿ ತುಂಬಿ, ತಲೆಯ ಮೇಲೆ ಹೊತ್ತು ತಂದು ಕೊಟ್ಟಿಗೆಯಲ್ಲಿ ದನಗಳ ಕಾಲಡಿ ಹಾಸಿದರೆ ಗೊಬ್ಬರ. ಗುಡಿಸುವವರು, ಹೊರುವವರು ಬಹುಪಾಲು ಹೆಂಗಸರೇ: ಮನೆಯವರು, ಕೂಲಿಗೆ ಬರುವವರು, ನನ್ನಂಥ ಹುಡುಗಿಯರು. ಅದೇ ದರಕು ಬೆಟ್ಟದಲ್ಲೇ ಉಳಿದರೆ ಬೆಂಕಿಗೆ ಊಟ.

ಆ ದಿನ ಮಧ್ಯಾಹ್ನ ಊಟ ಮುಗಿಸಿ ಅಜ್ಜಿ ಕವಳ ಹಾಕುತ್ತ ಕೂತಿದ್ದಳು. ಬೇಣದಲ್ಲಿ ದನ ಕಾಯುತ್ತಿದ್ದ ಹುಡುಗ ಓಡಿ ಬಂದು, “ಅಮ್ಮಾ, ಬೆಟ್ಟಕ್ಕೆ ಬೆಂಕಿ ಬಿದ್ದದೆ” ಎಂದ. ಬೇಣವೆಂದರೆ ಹುಲ್ಲುಗಾವಲು. ಅದರ ಕರಡ ಹುಲ್ಲು ಆಗ ಸೊಂಟದೆತ್ತರಕ್ಕೆ ಒಣಗಿ ನಿಂತಿತ್ತು. ಅಜ್ಜಿ ಮೊದಲು ಅಂಗಳಕ್ಕೆ ಹೋಗಿ ಗಾಳಿ ಎತ್ತ ಬೀಸುತ್ತಿದೆ ಎಂದು ನೋಡಿದಳು. ಎರಡನೆಯದಾಗಿ ಹೊಸ ಮದುವಣಗಿತ್ತಿಯಾಗಿದ್ದ ನಮ್ಮ ಚಿಕ್ಕಮ್ಮನನ್ನು ಕರೆದು, “ನೈಲಾನ್ ಸೀರೆ ಬಿಚ್ಚಿಡು, ನೂಲಿನದು ಉಟ್ಟು ಬಾ” ಎಂದಳು. ನೈಲಾನ್ ಸೀರೆ ಆಗ ಹೊಸದು, ಚಿಕ್ಕಮ್ಮನಿಗೆ ಅದರ ಮೇಲೆ ಬಹಳ ಪ್ರೀತಿ. ಒಂದು ಕಿಡಿ ತಗುಲಿದರೆ ಅದು ಕರಗಿ ಮೈಗೆ ಅಂಟುತ್ತದೆ ಎಂದು ಅಜ್ಜಿಗೆ ಯಾರು ಹೇಳಿದ್ದರೋ.

ಕೇರಿಯ ನಾಲ್ಕು ಮನೆಯ ಹೆಂಗಸರು, ಕೂಲಿಯ ಹೆಂಗಸರು, ನಾವು ಮಕ್ಕಳು, ಎಲ್ಲ ಸೇರಿ ಇಪ್ಪತ್ತು ಜನ ಇದ್ದೆವೇನೋ. ಗುಡ್ಡ ಏರುವ ಬೆಂಕಿ ಬಹಳ ಬೇಗ ಓಡುತ್ತದೆ. ಮೇಲಿನ ಎಲೆಯನ್ನು ಅದರ ಝಳವೇ ಮೊದಲು ಕಾಯಿಸಿ ಇಟ್ಟಿರುತ್ತದೆ. ಹಾಗಾಗಿ ಯಾರೂ ಬೆಂಕಿಯ ಮೇಲ್ಗಡೆ, ಎದುರಿಗೆ ನಿಲ್ಲಕೂಡದೆಂದು ಅಜ್ಜಿಯ ಕಟ್ಟಪ್ಪಣೆ. ದೊಡ್ಡವರು ಎರಡೂ ಪಕ್ಕದಿಂದ ಹಸಿ ಟೊಂಗೆ ಹಿಡಿದು ಬಡಿಯುತ್ತ ಹೋದರು. ಟೊಂಗೆಯನ್ನು ತಲೆಯ ಮೇಲಕ್ಕೆ ಎತ್ತಿ ಹೊಡೆದರೆ ಕಿಡಿ ಹಾರಿ ಹಿಂದೆ ಬೀಳುತ್ತದೆ. ನೆಲಕ್ಕೆ ಒತ್ತಿ, ಸುಟ್ಟ ಕಡೆಗೆ ಎಳೆಯಬೇಕು. ನಾವು ಮಕ್ಕಳು ಮತ್ತು ಮುದುಕಿಯರು ಗುಡ್ಡದ ನೆತ್ತಿಯ ಕಾಲುದಾರಿಯಲ್ಲಿ ನಿಂತು ಎರಡು ಮಾರು ಅಗಲಕ್ಕೆ ದರಕನ್ನು ಗುಡಿಸಿ ಬರಿ ಮಣ್ಣು ಕಾಣಿಸಿದೆವು. ಇದಕ್ಕೆ ಗೆರೆ ಕೆರೆಯುವುದು ಎನ್ನುತ್ತಾರೆ. ಗೆರೆ ಮುಗಿದ ಮೇಲೆ ಅದರ ಕೆಳ ಅಂಚಿಗೆ ಅಜ್ಜಿಯೇ ಕಡ್ಡಿ ಗೀರಿದಳು. ಬೆಂಕಿ ಆರಿಸಲು ಬಂದವಳು ತಾನೇ ಬೆಂಕಿ ಇಡುತ್ತಿದ್ದಾಳಲ್ಲ ಎಂದು ನಾನು ಅಳಲು ಶುರುಮಾಡಿದ್ದು ನೆನಪಿದೆ. ನಾವಿಟ್ಟ ಸಣ್ಣ ಬೆಂಕಿ ಮೆಲ್ಲಗೆ ಕೆಳಗಿಳಿಯಿತು, ದೊಡ್ಡದು ಏರಿ ಬಂತು. ಎರಡೂ ಕೂಡಿದ ಕಡೆ ಒಂದು ಸಲ ಮರದೆತ್ತರಕ್ಕೆ ಎದ್ದು, ತಿನ್ನಲು ಏನೂ ಇಲ್ಲದೆ ಕೂತುಬಿಟ್ಟಿತು.

ಅಷ್ಟಕ್ಕೇ ಮುಗಿಯಲಿಲ್ಲ. ಒಣ ಬೊಡ್ಡೆಗಳು ಒಳಗೊಳಗೇ ಉರಿಯುತ್ತಿರುತ್ತವೆ. ಉರಿಯುವ ತುಂಡೊಂದು ಇಳಿಜಾರಿನಲ್ಲಿ ಉರುಳಿದರೆ ಗೆರೆ ದಾಟಿ ಇನ್ನೊಂದು ಕಡೆ ಹೊತ್ತಿಸುತ್ತದೆ. ರಾತ್ರಿಯಿಡೀ ಸರದಿಯ ಮೇಲೆ ಕಾದರು. ಬೆಳಗ್ಗೆ ಗಂಡಸರು ಜಾತ್ರೆಯಿಂದ ಮಿಠಾಯಿ ಪೊಟ್ಟಣ ಹಿಡಿದು ಬಂದರು. ಆಮೇಲೆ ಯಾರೋ ಬಂದು ಪಂಚನಾಮೆ ಬರೆದುಕೊಂಡು ಹೋದರು. “ಊರವರು ಸೇರಿ ಬೆಂಕಿ ನಂದಿಸಿದರು” ಎಂದು ಬರೆದ ಕಾಗದಕ್ಕೆ ಐದು ಜನ ಸಹಿ ಹಾಕಿದರು. ಐವರೂ ಹಿಂದಿನ ರಾತ್ರಿ ಶಿರಸಿಯಲ್ಲಿ ನಾಟಕ ನೋಡುತ್ತಿದ್ದವರು!

ಈ ಕಾಗದದ ವಿಷಯ ನನ್ನ ತಲೆಯಲ್ಲಿ ಉಳಿದದ್ದರಿಂದಲೇ ಇರಬೇಕು, ಮುಂದೆ ನಮ್ಮ ಜಿಲ್ಲೆಯ ಕಾಡಿನ ಚರಿತ್ರೆ ಕೈಗೆ ಸಿಕ್ಕಾಗಲೆಲ್ಲ ಬೆಂಕಿಯ ಪುಟಗಳನ್ನೇ ಹುಡುಕಿ ಓದುತ್ತಿದ್ದೆ. 1801ರಲ್ಲಿ ಈ ದಾರಿಯಾಗಿ ಹೋದ ಫ್ರಾನ್ಸಿಸ್ ಬುಕಾನನ್ ಸೋಂದಾ ಸೀಮೆಯ ಅಡಿಕೆ ತೋಟಗಳನ್ನು, ಅವುಗಳ ಸೊಪ್ಪಿನ ಗೊಬ್ಬರವನ್ನು ವಿವರವಾಗಿ ಬರೆದಿದ್ದಾನೆ. ಅಂದರೆ ನಮ್ಮ ಕಲ್ಲಿ, ನಮ್ಮ ಹಿಡಿ ಇನ್ನೂರು ವರ್ಷಕ್ಕಿಂತ ಹಳೆಯವು. ಅದೇ ಕಾಲದಲ್ಲಿ ಕಾಡಿನ ಇನ್ನೊಂದು ಪಾಲಿನಲ್ಲಿ ಕುಮ್ರಿ ಬೇಸಾಯ ನಡೆಯುತ್ತಿತ್ತು. ಕುಣಬಿ ಮೊದಲಾದವರು ಕಾಡಿನ ತುಣುಕನ್ನು ಕಡಿದು, ಬೇಸಗೆಯಲ್ಲಿ ಸುಟ್ಟು, ಮಳೆ ಬೀಳುತ್ತಲೇ ಬೂದಿಯಲ್ಲಿ ರಾಗಿ ಬಿತ್ತುತ್ತಿದ್ದರು. ಹಡಗಿಗೆ, ರೈಲಿಗೆ ಮರ ಬೇಕಾಗಿದ್ದ ಸರಕಾರಕ್ಕೆ ಇದು ಹಿಡಿಸಲಿಲ್ಲ. ಮದ್ರಾಸಿನ ಅರಣ್ಯಾಧಿಕಾರಿ ಹ್ಯೂ ಕ್ಲೆಗ್‌ಹಾರ್ನ್ ಕುಮ್ರಿಯ ವಿರುದ್ಧ ಬರೆದ. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಕುಮ್ರಿಯ ಮೇಲಿನ ಹಿಡಿತ ಅಲ್ಲಿಯೂ ಬಿಗಿಯಾಗುತ್ತಲೇ ಹೋಯಿತು. 1878ರ ಅರಣ್ಯ ಕಾಯಿದೆ ಬಂದ ಮೇಲೆ ಕಾಡಿನ ಬಹುಭಾಗ ಮೀಸಲು ಅರಣ್ಯವಾಯಿತು.

ಕಾಯಿದೆಯಲ್ಲಿ ಬೆಂಕಿ ಹಚ್ಚಿದವನಿಗೆ ಶಿಕ್ಷೆ ಇರುವುದು ನ್ಯಾಯವೇ. ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆ ಎರಡು ಮಾತು. 1927ರ ಭಾರತೀಯ ಅರಣ್ಯ ಕಾಯಿದೆಯ 79ನೇ ಕಲಮಿನ ಪ್ರಕಾರ, ಕಾಡಿನಲ್ಲಿ ಹಕ್ಕು ಅನುಭವಿಸುವ ಪ್ರತಿಯೊಬ್ಬರೂ ಬೆಂಕಿ ಆರಿಸಲು ಬರಲೇಬೇಕು, ಅದು ಕರ್ತವ್ಯ. 26ನೇ ಕಲಮಿನ ಪ್ರಕಾರ, ಯಾರಾದರೂ ಬೇಕೆಂದೇ ಅಥವಾ ತೀರಾ ಅಜಾಗರೂಕತೆಯಿಂದ ಕಾಡಿಗೆ ಬೆಂಕಿ ಬೀಳಿಸಿದರೆ, ಆ ಕಾಡಿನಲ್ಲಿ ಮೇಯಿಸುವ, ಉತ್ಪನ್ನ ತರುವ ಎಲ್ಲರ ಹಕ್ಕನ್ನೂ ಸರಕಾರ ಬೇಕಾದಷ್ಟು ಕಾಲ ತಡೆಹಿಡಿಯಬಹುದು. ಜೇನು ಕೀಳುವವನ ಸೂಡಿಯಿಂದಲೋ, ಬೇಟೆಗಾರನ ಬೀಡಿಯಿಂದಲೋ, ಹೊಸ ಹುಲ್ಲು ಚಿಗುರಲೆಂದು ದನದವನು ಇಟ್ಟ ಕಡ್ಡಿಯಿಂದಲೋ ಕಾಡು ಹತ್ತಿಕೊಳ್ಳುತ್ತದೆ. ಹಕ್ಕು ನಿಂತರೆ ಮರುದಿನ ಸೌದೆಗೆ, ದರಕಿಗೆ ಪರದಾಡುವವಳು ಇನ್ಯಾರೋ ಒಬ್ಬಳು. ಅವಳು ಕಾಡಿಗೆ ಬಾರದೇ ಹೋದಾಗ ಎಲೆ ಅಲ್ಲೇ ಉಳಿಯುತ್ತದೆ, ಮುಂದಿನ ಬೆಂಕಿ ಇನ್ನೂ ಜೋರಾಗುತ್ತದೆ. ಇದು ಕಾಯಿದೆ ಬರೆದವರಿಗೆ ಹೊಳೆಯಲಿಲ್ಲ. ಹೊಳೆಯಬೇಕಾದರೆ ಒಂದು ದಿನವಾದರೂ ದರಕು ಗುಡಿಸಿರಬೇಕಿತ್ತು.

1930ರಲ್ಲಿ ನಮ್ಮ ಜಿಲ್ಲೆಯಲ್ಲಿ ಅರಣ್ಯ ಸತ್ಯಾಗ್ರಹ ನಡೆದಾಗ ಈ ಸಿಟ್ಟೆಲ್ಲ ಒಳಗಿದ್ದೇ ಇತ್ತು. ಅದರ ಬೆನ್ನಿಗೆ ಸಿದ್ದಾಪುರ, ಅಂಕೋಲೆಗಳಲ್ಲಿ ಕರನಿರಾಕರಣೆ ಬಂತು. ಜಪ್ತಿಯಾದ ಜಮೀನು ಕೊಂಡವರ ಬಾಗಿಲಲ್ಲಿ ಸಿದ್ದಾಪುರದ ಹೆಂಗಸರು ಉಪವಾಸ ಕೂತರು. ಜೋಗದ ದಾರಿಯ ಮಾವಿನಗುಂಡಿಯಲ್ಲಿ ಅವರ ಸ್ಮಾರಕವಿದೆ. ಜೋಗ ನೋಡಲು ಹೋಗುವಾಗ ಅಲ್ಲಿ ಐದು ನಿಮಿಷ ಇಳಿಯಿರಿ.

ಬೆಂಕಿ ಆರಿಸಿದವರಿಗೆ ಎಲ್ಲಿಯೂ ಸ್ಮಾರಕ ನೋಡಲಿಲ್ಲ. ಹಳೆಯ ಅರಣ್ಯ ವರದಿಗಳಲ್ಲಿ ಬೆಂಕಿಯಿಂದ ಕಾಪಾಡಿದ ಕಾಡಿನ ವಿಸ್ತೀರ್ಣಕ್ಕೆ, ಬೆಂಕಿಯ ಕಾರಣಕ್ಕೆ, ಖರ್ಚಿಗೆ ಅಂಕಣಗಳಿವೆ. ಎಲೆ ಗುಡಿಸಿದ್ದರಿಂದ ಹತ್ತದೇ ಹೋದ ಬೆಂಕಿಗೆ ಅಂಕಣ ಮಾಡುವುದಾದರೂ ಹೇಗೆ?

ನಮ್ಮ ಪದ್ಧತಿಯೆಲ್ಲ ಚಿನ್ನವೆಂದು ನಾನು ಹೇಳಲಾರೆ. 1980ರ ದಶಕದಲ್ಲಿ ಮಾಧವ ಗಾಡ್ಗೀಳ್ ಮತ್ತು ಸಂಗಡಿಗರು ಜಿಲ್ಲೆಯ ಸೊಪ್ಪಿನ ಬೆಟ್ಟಗಳನ್ನು ಅಧ್ಯಯನ ಮಾಡಿದ್ದರು. ಸೊಪ್ಪು ಸವರಿ ಸವರಿ ಬೋಳಾದ ಬೆಟ್ಟಗಳು ನಮ್ಮಲ್ಲಿ ಬೇಕಾದಷ್ಟಿವೆ. ಎಲೆಯ ಹೊದಿಕೆ ಪೂರ್ತಿ ಹೋದರೆ ಮೊದಲ ಮಳೆಗೇ ಮಣ್ಣು ಹಳ್ಳಕ್ಕೆ ಇಳಿಯುತ್ತದೆ. ಅಜ್ಜಿಯ ಕಾಲದಲ್ಲಿ ಕಾನಿನ ಒಳಗೆ ಮಾತ್ರ ಗುಡಿಸುತ್ತಿರಲಿಲ್ಲ. ಕಾನು ಎಂದರೆ ದಟ್ಟ ಹಸುರು ಕಾಡು, ದೇವರದ್ದು, ನೀರಿನದ್ದು. ಅಲ್ಲಿ ಬೇಸಗೆಯಲ್ಲೂ ನೆಲಕ್ಕೆ ತಂಪಿರುವುದರಿಂದ ಬೆಂಕಿ ಅಂಚಿಗೆ ಬಂದು ತಾನೇ ಆರುತ್ತಿತ್ತು. ಕಾನು ಕಡಿದು ಬೇರೆ ಮರ ನೆಟ್ಟ ಕಡೆ ಆ ತಂಪು ಹೋಯಿತು. ಯಲ್ಲಾಪುರದ ಕಡೆಯ ಸಾಗವಾನಿ ನೆಡುತೋಪಿನಲ್ಲಿ ಮಾರ್ಚ್ ತಿಂಗಳಲ್ಲಿ ನಡೆದು ನೋಡಿ. ಮೊರದಗಲದ ಒಣ ಎಲೆಗಳು ಹಪ್ಪಳದ ಹಾಗೆ ಸದ್ದು ಮಾಡುತ್ತವೆ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿ ಕಡೆಯವರು ಕೆಳಾಸೆ ಕಾಡಿಗೆ ಹೋಗಿ ಮರ ಅಪ್ಪಿಕೊಂಡದ್ದು ಇಂಥ ಕಡಿತಕ್ಕೆ ತಡೆ ಹಾಕಲೆಂದೇ. 1993ರಲ್ಲಿ ಸರಕಾರವೂ ಊರವರ ಕೈ ಬೇಕೆಂದು ಒಪ್ಪಿ ಗ್ರಾಮ ಅರಣ್ಯ ಸಮಿತಿಗಳಿಗೆ ಆದೇಶ ಮಾಡಿತು. ಬೆಂಕಿಯಿಂದ ಕಾಯುವುದು ಅವುಗಳ ಕೆಲಸಗಳಲ್ಲೊಂದು.

2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದದ್ದನ್ನು ಟೀವಿಯಲ್ಲಿ ನೀವೂ ನೋಡಿರುತ್ತೀರಿ. ಹೆಲಿಕಾಪ್ಟರಿನಿಂದ ನೀರು ಸುರಿದರು. ಈಗ ಉಪಗ್ರಹ ಬೆಂಕಿಯನ್ನು ಮೇಲಿನಿಂದಲೇ ಕಂಡು ಸುದ್ದಿ ಕಳಿಸುತ್ತದೆ. ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ 2004ರಿಂದ ಈ ಕೆಲಸ ಮಾಡುತ್ತಿದೆ. ಒಳ್ಳೆಯದೇ. ಆದರೆ ಸುದ್ದಿ ಬಂದ ಮೇಲೆ ಗುಡ್ಡ ಹತ್ತಿ ಟೊಂಗೆ ಹಿಡಿಯುವವರು ಬೇಕಲ್ಲ.

ಕಳೆದ ಬೇಸಗೆಯಲ್ಲಿ ತವರಿಗೆ ಹೋಗಿದ್ದೆ. ಕೇರಿಯ ನಾಲ್ಕು ಮನೆಗಳಲ್ಲಿ ಒಂದಕ್ಕೆ ಬೀಗ. ಮಕ್ಕಳೆಲ್ಲ ಬೆಂಗಳೂರಿನಲ್ಲಿ. ಕೊಟ್ಟಿಗೆಯಲ್ಲಿ ಎಂಟು ದನ ಇದ್ದಲ್ಲಿ ಎರಡು, ಹಾಗಾಗಿ ದರಕೂ ಅಷ್ಟು ಬೇಡ. ಬೇಕೆಂದರೂ ಗುಡಿಸಲು ಜನವಿಲ್ಲ. ಬೆಟ್ಟಕ್ಕೆ ಹೋದರೆ ಹಿಮ್ಮಡಿ ಮುಳುಗಿ ಕಣಕಾಲಿನವರೆಗೆ ಎಲೆ. ನೋಡಲು ಎಷ್ಟು ಚಂದ ಎನಿಸಿ ಫೋಟೋ ತೆಗೆಯಲು ಹೊರಟವಳು ಅಜ್ಜಿಯ ನೆನಪಾಗಿ ಸುಮ್ಮನಾದೆ.

ರಾತ್ರಿ ಅತ್ತಿಗೆ ಜಗಲಿಯ ಮೂಲೆಯಿಂದ ಎರಡು ಹಿಡಿ ತಂದು ಅದರ ಕಡ್ಡಿ ಬಿಗಿಯಾಗಿ ಕಟ್ಟುತ್ತ ಕೂತಿದ್ದಳು. “ತಂಗಿ, ನಾಳೆ ಇರ್ತೀಯಲ್ಲ?” ಎಂದಳು. ಮಧ್ಯಾಹ್ನದ ಬಸ್ಸಿಗೆ ಹೋಗಬೇಕೆಂದಿದ್ದೆ ಎಂದೆ. “ನೆತ್ತಿಯ ದಾರಿಯ ಗೆರೆ ಅರ್ಧ ಉಳಿದಿದೆ. ನಿನ್ನ ಅಣ್ಣನಿಗೆ ಮಂಡಿನೋವು, ನಾನೊಬ್ಬಳೇ ಎಷ್ಟು ಕೆರೆಯಲಿ?” ಎಂದಳು.

ಎರಡು ದಿನ ಉಳಿದೆ. ಸಂದೂಕದಲ್ಲಿ ಅಜ್ಜಿಯದೊಂದು ನೂಲಿನ ಸೀರೆ ಇತ್ತು, ಅದನ್ನೇ ಉಟ್ಟುಕೊಂಡೆ. ಅಂಗೈಯಲ್ಲಿ ಬೊಕ್ಕೆ ಎದ್ದವು. ಹರಿಗುಡ್ಡೆಯ ತಿರುವಿನ ತನಕ ಗೆರೆ ಮುಟ್ಟಿಸಿದೆವು. ಅಲ್ಲಿಂದಾಚೆಗಿನ ಬೆಟ್ಟ ಬೀಗ ಹಾಕಿದ ಮನೆಯವರದು.