ಸ್ಪ್ಯಾನಿಷ್‌ನ ಭೂತಕಾಲ ಸಬ್‌ಜಂಕ್ಟಿವ್: ಕನ್ನಡಿಗರಿಗೆ ತೊಡಕು ಎಲ್ಲಿ?

ಸ್ಪ್ಯಾನಿಷ್ ಪಠ್ಯಕ್ರಮಗಳು ಭೂತಕಾಲದ ಸಬ್‌ಜಂಕ್ಟಿವನ್ನು (ಬಯಕೆ, ಊಹೆಗಳಿಗೆ ಬಳಸುವ ಕ್ರಿಯಾರೂಪವನ್ನು) ತಡವಾಗಿ, ಸಾಮಾನ್ಯವಾಗಿ ಬಿ2 ಹಂತದಲ್ಲಿ, ಕಲಿಸುತ್ತವೆ. ಕಲಿಸುವಾಗಲೂ ಮೊದಲು ಮುಂದಿಡುವುದು ರೂಪಗಳ ಪಟ್ಟಿಯನ್ನು. ನಿಜಕ್ಕೂ ಈ ಪಾಠದಲ್ಲಿ ಅತ್ಯಂತ ಸುಲಭವಾದದ್ದು ರೂಪರಚನೆಯೇ. ಸರಳ ಭೂತಕಾಲದ ಪ್ರಥಮ ಪುರುಷ ಬಹುವಚನವನ್ನು ತೆಗೆದುಕೊಂಡು ಕೊನೆಯ 'ರೊನ್' ಕಳಚಿ 'ರ' ಹಚ್ಚಿದರೆ ಸಾಕು: 'ತುಬಿಯೆರೊನ್' (ಅವರ ಬಳಿ ಇತ್ತು) ಎಂಬುದರಿಂದ 'ತುಬಿಯೆರ', 'ದಿಹೆರೊನ್' (ಹೇಳಿದರು) ಎಂಬುದರಿಂದ 'ದಿಹೆರ'. ಅಪವಾದವೇ ಇಲ್ಲ. ಎಚ್ಚರ ಬೇಕಾದದ್ದು ಒತ್ತಿನಲ್ಲಿ. 'ಅಬ್ಲಾರ' ಎಂದರೆ ಸಬ್‌ಜಂಕ್ಟಿವ್, 'ಅಬ್ಲರಾ' ಎಂದರೆ 'ಮಾತಾಡುವನು' ಎಂಬ ಭವಿಷ್ಯತ್ತು. ಒತ್ತನ್ನು ಹೀಗೆ ದೀರ್ಘವಾಗಿ ಬರೆದುಕೊಂಡರೆ ನಮ್ಮ ಕಿವಿಗೆ ವ್ಯತ್ಯಾಸ ಬೇಗ ಹತ್ತುತ್ತದೆ.

ಈ ಕಾಲಕ್ಕೆ 'ರ' ಮತ್ತು 'ಸೆ' ಎಂಬ ಎರಡು ಸಾಲುಗಳಿವೆ. 'ಸೆ' ರೂಪ ಲ್ಯಾಟಿನ್ನಿನ ಸಬ್‌ಜಂಕ್ಟಿವ್‌ನಿಂದಲೇ (ಅಮಾವಿಸ್ಸೆಮ್) ಬಂದದ್ದು. 'ರ' ರೂಪದ ಮೂಲ ಬೇರೆ. ಅದು 'ಪ್ರೀತಿಸಿದ್ದೆ' ಎಂಬರ್ಥದ, ನಡೆದ ಸಂಗತಿಯನ್ನೇ ಹೇಳುವ 'ಅಮಾವೆರಮ್'ನಿಂದ ಇಳಿದದ್ದು. 1200ರ ಆಸುಪಾಸಿನ 'ಕಂತಾರ್ ದೆ ಮಿಯೊ ಸಿದ್' ಕಾವ್ಯದಲ್ಲಿ ಆ ಹಳೆಯ ಅರ್ಥ ಇನ್ನೂ ಜೀವಂತವಾಗಿದೆ. ಆಧುನಿಕ ಬರಹದಲ್ಲಿ ಅದು ಮತ್ತೆ ತಲೆಯೆತ್ತಿದ್ದನ್ನು ಆಂದ್ರೆಸ್ ಬೆಲ್ಯೊ 1847ರಲ್ಲಿ ಸಾಂಟಿಯಾಗೊದಲ್ಲಿ ಪ್ರಕಟಿಸಿದ ತನ್ನ ವ್ಯಾಕರಣದಲ್ಲಿ ಆಕ್ಷೇಪಿಸಿದ; ಪತ್ರಿಕೆಗಳು ಇಂದಿಗೂ ಅದನ್ನು ಬಿಟ್ಟಿಲ್ಲ. ಮಾತಿಗೆ 'ರ' ಸಾಕು, 'ಸೆ' ಓದಿಗೆ ಇರಲಿ ಎಂಬುದು ನನ್ನ ನಿಲುವು. 'ಕಿಸಿಯೆರ' ಎಂದು ವಿನಯದಿಂದ ಏನನ್ನಾದರೂ ಕೇಳುವಾಗಲಂತೂ 'ಸೆ'ಗೆ ಜಾಗವೇ ಇಲ್ಲ.

ಷರತ್ತಿನ ವಾಕ್ಯಗಳಲ್ಲಿ ಕನ್ನಡಿಗರಿಗೆ ಅರ್ಧ ದಾರಿ ಮೊದಲೇ ಸವೆದಿರುತ್ತದೆ. 'ದುಡ್ಡಿದ್ದಿದ್ದರೆ ಮನೆ ಕೊಳ್ಳುತ್ತಿದ್ದೆ' ಎನ್ನುವಾಗ ನಾವು ಹೇಳುತ್ತಿರುವುದು ಇವತ್ತಿನ ಬಡತನದ ಮಾತು, ಬಳಸುವುದು ಭೂತದ ರೂಪ. 'ಸಿ ತುಬಿಯೆರ ದಿನೆರೊ, ಕೊಂಪ್ರರಿಯ ಉನ ಕಾಸ' ಎಂಬಲ್ಲಿಯೂ ಅಷ್ಟೇ. 'ಕೊಂಪ್ರರಿಯ' ಎಂಬುದು 'ಕೊಳ್ಳಲು' ಎಂಬರ್ಥದ 'ಕೊಂಪ್ರಾರ್'ಗೆ 'ಅಬಿಯ' ಎಂಬ ಭೂತಕಾಲದ ಸಹಾಯಕ ಕ್ರಿಯೆ ಸೇರಿ ಸವೆದು ಆದದ್ದು. ನಮ್ಮ 'ಕೊಳ್ಳುತ್ತಿದ್ದೆ'ಯ ಬಾಲದಲ್ಲಿರುವ 'ಇದ್ದೆ'ಯೂ ಅದೇ ಕೆಲಸ ಮಾಡುತ್ತದೆ. ಒಂದು ಬಿರುಕು ಮಾತ್ರ ಇದೆ. ಕನ್ನಡದ ಆ ವಾಕ್ಯ ಇಂದಿಗೂ ಸಲ್ಲುತ್ತದೆ, ಹೋದ ವರ್ಷಕ್ಕೂ ಸಲ್ಲುತ್ತದೆ. ಸ್ಪ್ಯಾನಿಷ್‌ನಲ್ಲಿ ಹೋದ ವರ್ಷದ ಮಾತಿಗೆ 'ಉಬಿಯೆರ ತೆನಿದೊ' ಎಂಬ ಬೇರೆ ರೂಪವೇ ಬೇಕು.

ದೊಡ್ಡ ತೊಡಕಿರುವುದು ಅಧೀನ ವಾಕ್ಯದಲ್ಲಿ. ಮಗ ಊರಿಗೆ ಬರಲಿ ಎಂದು ತಾಯಿ ಬಯಸುತ್ತಾಳೆ. ಮಗ ಊರಿಗೆ ಬರಲಿ ಎಂದು ತಾಯಿ ಬಯಸಿದ್ದಳು. ಮುಖ್ಯಕ್ರಿಯೆ ಬದಲಾಯಿತು, 'ಬರಲಿ' ಕದಲಲಿಲ್ಲ. 'ಎಂದು' ಎಂಬುದು ತನ್ನ ಒಳಗಿನ ಮಾತನ್ನು ಆಡಿದ ಹಾಗೆಯೇ ಕಾಪಾಡುತ್ತದೆ. ಸ್ಪ್ಯಾನಿಷ್‌ನಲ್ಲಿ ಆ ಬೇಲಿ ಇಲ್ಲ: 'ಕಿಯೆರೆ ಕೆ ಬೆಂಗ' ಎಂಬುದು 'ಕೆರಿಯ ಕೆ ಬಿನಿಯೆರ' ಆಗಲೇಬೇಕು. ಕನ್ನಡದಲ್ಲಿ ಯೋಚಿಸುವವರು 'ಕೆರಿಯ ಕೆ ಬೆಂಗ' ಎನ್ನುವುದಕ್ಕೆ ಅಸಡ್ಡೆ ಕಾರಣವಲ್ಲ, ಹಿಂದೆ ನಿಂತಿರುವ 'ಎಂದು' ಕಾರಣ. 'ಎಲ್ಲ ಗೊತ್ತಿರುವ ಹಾಗೆ ಮಾತಾಡುತ್ತಾನೆ' ಎಂಬಲ್ಲಿಯೂ ಇದೇ ಕಥೆ. ನಾವು 'ಗೊತ್ತಿರುವ' ಎಂದರೂ ಆದೀತು, 'ಗೊತ್ತಿದ್ದವನ ಹಾಗೆ' ಎಂದರೂ ಆದೀತು. ಸ್ಪ್ಯಾನಿಷ್‌ನಲ್ಲಿ 'ಹಾಗೆ' ಎಂಬರ್ಥದ 'ಕೊಮೊ ಸಿ' ಮಾತ್ರ ಭೂತದ 'ಸುಪಿಯೆರ'ವನ್ನೇ ಕೇಳುತ್ತದೆ. ಆದ್ದರಿಂದ ತರಗತಿಯ ಹೆಚ್ಚಿನ ಹೊತ್ತು ಪಟ್ಟಿಗಲ್ಲ, ಈ ಎರಡು ರಚನೆಗಳಿಗೆ ಸಲ್ಲಬೇಕು.

ತಪ್ಪು ಎಂದು ಕೆಂಪು ಗೆರೆ ಎಳೆಯುವವರು ಇನ್ನೊಂದನ್ನೂ ಗಮನಿಸಬೇಕು. ಪೆರು, ಬೊಲಿವಿಯಾಗಳ ಆಂಡೀಸ್ ಸೀಮೆಯಲ್ಲಿ 'ಕೆರಿಯ ಕೆ ಬೆಂಗ' ಜನರ ಬಾಯಲ್ಲಿ ದಿನನಿತ್ಯದ ಮಾತು. ಸ್ಪೇನಿನ ಬಾಸ್ಕ್ ನಾಡು, ಬುರ್ಗೊಸ್ ಕಡೆಯವರು 'ಸಿ ತುಬಿಯೆರ' ಎನ್ನಬೇಕಾದಲ್ಲಿ 'ಸಿ ತೆಂದ್ರಿಯ' ಎನ್ನುತ್ತಾರೆ. ಪರೀಕ್ಷೆ ಎರಡನ್ನೂ ಒಪ್ಪುವುದಿಲ್ಲ, ಸರಿ. ಆದರೆ ಲ್ಯಾಟಿನ್ ಅಮೆರಿಕದವರೊಂದಿಗೆ ಕೆಲಸ ಮಾಡಲು ಸ್ಪ್ಯಾನಿಷ್ ಕಲಿಯುವ ಬೆಂಗಳೂರಿನವರಿಗೆ ಮೊದಲನೆಯದನ್ನು ತಿದ್ದುವಾಗ, ಕುಸ್ಕೊದ ಸಹೋದ್ಯೋಗಿಯಿಂದ ಅದನ್ನೇ ಕೇಳಬೇಕಾದೀತು ಎಂದೂ ಹೇಳಿಡುವುದು ಒಳ್ಳೆಯದು.